ಕೈ ಒಬ್ಬರದು, ತೀರ್ಮಾನ ಇನ್ನೊಬ್ಬರದು

2012ರ ಜೂನ್ 1ರ ರಾತ್ರಿ. ನ್ಯೂಯಾರ್ಕ್‌ನ ಸಿಟಿ ಫೀಲ್ಡ್ ಮೈದಾನದಲ್ಲಿ ನ್ಯೂಯಾರ್ಕ್ ಮೆಟ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಗಳ ನಡುವೆ ಬೇಸ್‌ಬಾಲ್ ಪಂದ್ಯ. ಮೆಟ್ಸ್ ಪರವಾಗಿ ಚೆಂಡು ಎಸೆಯುತ್ತಿದ್ದವರು ಯೋಹಾನ್ ಸಂತಾನಾ, ವಯಸ್ಸು 33. 2010ರಲ್ಲಿ ಎಸೆಯುವ ಭುಜಕ್ಕೆ ಆಪರೇಷನ್ ಆಗಿ, 2011ರ ಇಡೀ ಸೀಸನ್ ಆಡದೆ ಕಳೆದು, ಆ ವರ್ಷವಷ್ಟೇ ವಾಪಸ್ ಬಂದಿದ್ದರು. ಅದಕ್ಕೇ ತಂಡದ ಮ್ಯಾನೇಜರ್ ಟೆರಿ ಕಾಲಿನ್ಸ್ ಮನಸ್ಸಿನಲ್ಲಿ ಒಂದು ಗೆರೆ ಹಾಕಿಕೊಂಡಿದ್ದರು: ಹೆಚ್ಚೆಂದರೆ 115 ಎಸೆತ. ಅಷ್ಟಾದ ಮೇಲೆ ಸಂತಾನಾ ಹೊರಗೆ, ಬೇರೆಯವರು ಒಳಗೆ.

ಆದ್ರೆ ಸಂತಾನಾ ಆವತ್ತು ಅತಿಯಾಗಿ ಚೆನ್ನಾಗಿ ಎಸೆದುಬಿಟ್ಟರು. ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಮುಗೀತು, ಎದುರಾಳಿಗೆ ಒಂದೂ ಹಿಟ್ ಸಿಗಲಿಲ್ಲ. ಇಡೀ ಪಂದ್ಯ ಹೀಗೇ ಮುಗಿದರೆ ಅದಕ್ಕೆ 'ನೋ-ಹಿಟ್ಟರ್' ಅಂತಾರೆ. ಮೆಟ್ಸ್ ತಂಡ ಹುಟ್ಟಿದ್ದು 1962ರಲ್ಲಿ. ಅಲ್ಲಿಂದ ಆಡಿದ 8,000ಕ್ಕೂ ಹೆಚ್ಚು ಪಂದ್ಯಗಳಲ್ಲಿ ಅವರ ಒಬ್ಬ ಪಿಚರ್‌ಗೂ ಅದು ಸಾಧ್ಯವಾಗಿರಲಿಲ್ಲ. ಎಸೆತದ ಲೆಕ್ಕ 115 ದಾಟಿತು. ಮೈದಾನವೆಲ್ಲ ಎದ್ದು ನಿಂತಿದೆ. ಕಾಲಿನ್ಸ್ ಏನು ಮಾಡಬೇಕು?

ಬಿಟ್ಟರು. ಸಂತಾನಾ 134 ಎಸೆತ ಹಾಕಿ ನೋ-ಹಿಟ್ಟರ್ ಮುಗಿಸಿದರು. ಎಲ್ಲರೂ ಕುಣಿಯುತ್ತಿದ್ದಾಗ ಕಾಲಿನ್ಸ್ ಮುಖದಲ್ಲಿ ಮಾತ್ರ ಆ ಖುಷಿ ಇರಲಿಲ್ಲ. ಐದು ದಿನ ಬಿಟ್ಟು ಈ ಕೈ ನೋವು ಅಂದ್ರೆ ನನಗೆ ಒಳ್ಳೇದನಿಸೋದಿಲ್ಲ ಅನ್ನೋ ಅರ್ಥದ ಮಾತನ್ನು ಪತ್ರಕರ್ತರ ಮುಂದೆ ಆ ರಾತ್ರಿಯೇ ಹೇಳಿದರು. ಆಮೇಲೆ ಸಂತಾನಾ ಇನ್ನು 10 ಪಂದ್ಯ ಆಡಿದರು, ಹೆಚ್ಚಿನವುಗಳಲ್ಲಿ ಚೆನ್ನಾಗಿ ಹೊಡೆಸಿಕೊಂಡರು. 2013ರಲ್ಲಿ ಅದೇ ಭುಜಕ್ಕೆ ಮತ್ತೆ ಆಪರೇಷನ್. ಮೇಜರ್ ಲೀಗ್‌ನಲ್ಲಿ ಮತ್ತೆ ಒಂದು ಚೆಂಡನ್ನೂ ಎಸೆಯಲಿಲ್ಲ.

ಆ 19 ಹೆಚ್ಚುವರಿ ಎಸೆತಗಳೇ ಅವರ ಕೈ ಮುಗಿಸಿದವಾ? ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ. ಈ ವಿಷಯದ ಕಷ್ಟ ಇರೋದೇ ಅಲ್ಲಿ. ಆದರೂ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಇದರಲ್ಲಿ ಪರಿಚಯದ ಸಂಗತಿ ಒಂದಿದೆ: ಕಣ್ಣಿಗೆ ಕಾಣದೆ ಒಳಗೊಳಗೇ ಸವೆಯುವ ಒಂದು ಭಾಗ, ಮತ್ತು ಅದನ್ನು ಎಷ್ಟು ಓಡಿಸಬೇಕು ಅಂತ ತೀರ್ಮಾನಿಸುವ ಇನ್ನೊಬ್ಬ ಮನುಷ್ಯ.

ಮೊದಲು ಆಟ ಸ್ವಲ್ಪ ಅರ್ಥ ಮಾಡ್ಕೊಳೋಣ

ಬೇಸ್‌ಬಾಲ್ ನೋಡದವರಿಗೆ ನಾಲ್ಕು ಮಾತು. ಪಂದ್ಯಕ್ಕೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಕ್ಕೆ ಮೂರು ಮೂರು ಔಟ್. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದಂಗೆ, ಆದ್ರೆ ಓಡಿ ಬರೋದಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಮೊಣಕೈ ಮಡಚಿ, 18.44 ಮೀಟರ್ ದೂರದ ಬ್ಯಾಟರ್ ಕಡೆಗೆ ಬೀಸಿ ಎಸೀತಾರೆ. ಕ್ರಿಕೆಟ್‌ನಲ್ಲಿ ಆರು ಎಸೆತಕ್ಕೆ ಬೌಲರ್ ಬದಲಾಗ್ತಾರೆ. ಇಲ್ಲಿ ಒಬ್ಬರೇ ಎಸೀತಾ ಇರ್ತಾರೆ, ಮ್ಯಾನೇಜರ್ ಬದಲಾಯಿಸುವವರೆಗೆ. ಒಮ್ಮೆ ಹೊರಗೆ ಹೋದವರು ಆ ಪಂದ್ಯಕ್ಕೆ ವಾಪಸ್ ಬರೋ ಹಾಗಿಲ್ಲ.

ಮ್ಯಾನೇಜರ್ ಅಂದ್ರೆ ಹೋಟೆಲು, ಬಸ್ಸು ಬುಕ್ ಮಾಡೋರು ಅಂದ್ಕೋಬೇಡಿ. ಬೇಸ್‌ಬಾಲ್‌ನಲ್ಲಿ ತಂಡ ನಡೆಸುವ ಮುಖ್ಯ ಕೋಚ್‌ಗೇ ಆ ಹೆಸರು. ಫೀಲ್ಡಿನಲ್ಲಿ ನಮ್ಮ ಕ್ಯಾಪ್ಟನ್ ಮಾಡೋ ಹೆಚ್ಚಿನ ತೀರ್ಮಾನ ಅಲ್ಲಿ ಅವರದು. ಟಿ-20ಯಲ್ಲಿ ಒಬ್ಬ ಬೌಲರ್‌ಗೆ 4 ಓವರ್, ಒಂದು ದಿನದ ಪಂದ್ಯದಲ್ಲಿ 10 ಓವರ್ ಅಂತ ನಿಯಮವೇ ಕಟ್ಟಿಹಾಕಿದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಪಿಚರ್‌ಗೆ ಅಂಥ ಮಿತಿ ಇಲ್ಲ. ಎಷ್ಟು ಎಸೆಸಬೇಕು, ಎಷ್ಟು ದಿನಕ್ಕೊಮ್ಮೆ ಎಸೆಸಬೇಕು ಅನ್ನೋದು ಮ್ಯಾನೇಜರ್ ಮತ್ತು ತಂಡದ ಆಡಳಿತದವರಿಗೆ ಬಿಟ್ಟಿದ್ದು.

ಮೊಣಕೈಯೊಳಗಿನ ಲೆಕ್ಕ

ಚೆಂಡಿನ ತೂಕ ಸುಮಾರು 145 ಗ್ರಾಂ. ಅದನ್ನು ಗಂಟೆಗೆ 150 ಕಿ.ಮೀ. ವೇಗಕ್ಕೆ ತರೋದು ಬರೀ ಕೈ ಅಲ್ಲ. ಕಾಲು, ಸೊಂಟ, ಬೆನ್ನು, ಭುಜ, ಮೊಣಕೈ, ಮಣಿಕಟ್ಟು ಹೀಗೆ ಒಂದರ ಹಿಂದೆ ಒಂದು ಶಕ್ತಿಯನ್ನು ದಾಟಿಸುವ ಸರಪಳಿ ಅದು. ಎಸೆತದ ಒಂದು ಹಂತದಲ್ಲಿ ಕೈ ಪೂರ್ತಿ ಹಿಂದಕ್ಕೆ ತಿರುಗಿ ಮುಂಗೈ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ ಆಗುತ್ತೆ. ಅಲ್ಲಿಂದ ಮುಂದಕ್ಕೆ ತಿರುಗುವಾಗ ಭುಜದ ತಿರುಗುವ ವೇಗ ಸೆಕೆಂಡಿಗೆ 7,000 ಡಿಗ್ರಿ ಮುಟ್ಟುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 1,100 ಆರ್‌ಪಿಎಂಗೂ ಹೆಚ್ಚು. ಇದು ಇರೋದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ, ಆದ್ರೆ ಅಷ್ಟರಲ್ಲೇ ಮೊಣಕೈಯ ಒಳಭಾಗ ಬಾಯಿ ಬಿಟ್ಟುಕೊಳ್ಳೋ ಹಾಗೆ ಒಂದು ಟಾರ್ಕ್ ಬೀಳುತ್ತೆ.

ಅಲಬಾಮಾದ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನ ಗ್ಲೆನ್ ಫ್ಲೈಸಿಗ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಟಾರ್ಕ್ ಸುಮಾರು 64 ನ್ಯೂಟನ್ ಮೀಟರ್ ಅಂತ ಬಂತು. ಮೊಣಕೈಯಿಂದ 30 ಸೆಂ.ಮೀ. ದೂರದಲ್ಲಿ ಸುಮಾರು 22 ಕೆ.ಜಿ. ನೇತು ಹಾಕಿದರೆ ಆಗುವಷ್ಟು. ಇದನ್ನು ತಡೆದು ನಿಲ್ಲಿಸುವುದರಲ್ಲಿ ಮುಖ್ಯ ಪಾತ್ರ ಮೊಣಕೈ ಒಳಬದಿಯ ಒಂದು ಪುಟ್ಟ ಲಿಗಮೆಂಟ್‌ನದು. ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್ ಅಂತ ಅದರ ಹೆಸರು. ಒಟ್ಟು ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಅದೇ ಹೊರುತ್ತೆ ಅಂತ ಲೆಕ್ಕ ಹಾಕಿದರೆ 34 ನ್ಯೂಟನ್ ಮೀಟರ್ ಆಸುಪಾಸು ಬರುತ್ತೆ. ಮೃತದೇಹಗಳ ಮೊಣಕೈಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಆ ಲಿಗಮೆಂಟ್ ಹರಿದದ್ದು 32ರ ಆಸುಪಾಸಿನಲ್ಲಿ!

ಅಂದ್ರೆ ಫ್ಯಾಕ್ಟರ್ ಆಫ್ ಸೇಫ್ಟಿ ಒಂದರ ಹತ್ತಿರ. ಯಾವ ಡಿಸೈನ್ ಮೇಷ್ಟ್ರೂ ಇಂಥ ಡ್ರಾಯಿಂಗಿಗೆ ಸಹಿ ಹಾಕಲ್ಲ. ಹಾಗಾದ್ರೆ ಪ್ರತಿ ಎಸೆತಕ್ಕೂ ಯಾಕೆ ಹರಿಯೋದಿಲ್ಲ? ಜೀವಂತ ಕೈಯಲ್ಲಿ ಮುಂಗೈಯ ಸ್ನಾಯುಗಳು ಸರಿಯಾದ ಗಳಿಗೆಯಲ್ಲಿ ಬಿಗಿದುಕೊಂಡು ಭಾರದ ಒಂದು ಪಾಲನ್ನು ತಾವು ಹೊರ್ತವೆ, ಲಿಗಮೆಂಟನ್ನು ಕಾಯ್ತವೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರೋದೆಲ್ಲ ಇದರ ಮೇಲೇ ನಿಂತಿದೆ: ಸ್ನಾಯು ಸುಸ್ತಾದರೆ ಕಾವಲುಗಾರ ನಿದ್ದೆ ಹೋದ ಹಾಗೆ. ಎಸೆತ ಅದೇ, ವೇಗ ಅದೇ, ಆದ್ರೆ ಲಿಗಮೆಂಟ್ ಮೇಲೆ ಬೀಳೋ ಪಾಲು ಜಾಸ್ತಿ.

ಇನ್ನೊಂದು ಸಂಗತಿ ಫೆಟೀಗ್. ಬೈಂಡಿಂಗ್ ವೈರನ್ನು ಒಂದು ಸಲ ಬಗ್ಗಿಸಿದರೆ ಮುರಿಯಲ್ಲ. ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ. ಮೆಕ್ಯಾನಿಕಲ್‌ನವರು ಇದನ್ನೇ ಎಸ್-ಎನ್ ಕರ್ವ್ ಅಂತ ಬರೆದು ಮಾರ್ಕ್ಸ್ ತಗೋತಾರೆ: ಒತ್ತಡ ಎಷ್ಟು, ಎಷ್ಟು ಸೈಕಲ್‌ಗೆ ಮುರಿಯುತ್ತೆ. ಆದ್ರೆ ಕಬ್ಬಿಣಕ್ಕೂ ಕೈಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಬ್ಬಿಣ ರಾತ್ರಿ ಮಲಗಿದರೆ ವಾಸಿಯಾಗಲ್ಲ, ಕೈ ಆಗುತ್ತೆ. ಎಸೆತದಿಂದಾದ ಸಣ್ಣ ಸಣ್ಣ ಗಾಯಗಳನ್ನು ದೇಹ ದಿನಾ ರಿಪೇರಿ ಮಾಡ್ತಾ ಇರುತ್ತೆ. ರಿಪೇರಿಗಿಂತ ಹಾನಿ ಬೇಗ ಬೇಗ ಸೇರ್ತಾ ಹೋದ್ರೆ ಬಾಕಿ ಬೆಳೆಯುತ್ತೆ. ಮ್ಯಾನೇಜರ್ ಕೈಯಲ್ಲಿರೋದು ಈ ಬಾಕಿಯ ಖಾತೆ. ಅದು ಎಷ್ಟಿದೆ ಅಂತ ತೋರಿಸೋ ಪಾಸ್‌ಬುಕ್ ಮಾತ್ರ ಅವರ ಹತ್ರ ಇಲ್ಲ.

ಓಕ್‌ಲ್ಯಾಂಡ್‌ನ ಐವರು

ಮ್ಯಾನೇಜರ್ ಒಬ್ಬರ ತೀರ್ಮಾನಗಳಿಗೆ ಪಿಚರ್‌ಗಳು ಬೆಲೆ ತೆತ್ತರು ಅಂತ ಬೇಸ್‌ಬಾಲ್ ಜನ ಇವತ್ತಿಗೂ ಮೊದಲು ಹೇಳೋ ಕಥೆ 1980ರ ಓಕ್‌ಲ್ಯಾಂಡ್ ಎ'ಸ್ ತಂಡದ್ದು.

1979ರಲ್ಲಿ ಆ ತಂಡ 54 ಗೆದ್ದು 108 ಸೋತಿತ್ತು. ಮುಂದಿನ ವರ್ಷ ಬಿಲ್ಲಿ ಮಾರ್ಟಿನ್ ಮ್ಯಾನೇಜರ್ ಆಗಿ ಬಂದರು. ಜಗಳಗಂಟಿ, ಚುರುಕು ತಲೆ, ಬಿದ್ದ ತಂಡವನ್ನು ಎತ್ತಿ ನಿಲ್ಲಿಸೋದರಲ್ಲಿ ನಿಸ್ಸೀಮ. ಬದಲಿ ಪಿಚರ್‌ಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಪಂದ್ಯ ಶುರು ಮಾಡಿದವರೇ ಮುಗಿಸಲಿ ಅನ್ನೋದು ಅವರ ದಾರಿ. ಆ ವರ್ಷ ಎ'ಸ್ ತಂಡದ ಪಿಚರ್‌ಗಳು 94 ಪಂದ್ಯಗಳನ್ನು ಆರಂಭದಿಂದ ಕೊನೆವರೆಗೂ ಒಬ್ಬೊಬ್ಬರೇ ಎಸೆದು ಮುಗಿಸಿದರು. ರಿಕ್ ಲ್ಯಾಂಗ್‌ಫರ್ಡ್ 28, ಮೈಕ್ ನಾರಿಸ್ 24, ಮ್ಯಾಟ್ ಕಿಯೊ 20, ಸ್ಟೀವ್ ಮೆಕ್ಯಾಟಿ 11, ಬ್ರಯಾನ್ ಕಿಂಗ್‌ಮನ್ 10. ಲ್ಯಾಂಗ್‌ಫರ್ಡ್ ಅಂತೂ ಒಂದು ಹಂತದಲ್ಲಿ ಸತತ 22 ಪಂದ್ಯ ಮುಗಿಸಿದರು. ಹೋಲಿಕೆಗೆ ಹೇಳೋದಾದ್ರೆ 2024ರಲ್ಲಿ ಇಡೀ ಮೇಜರ್ ಲೀಗ್‌ನ 30 ತಂಡಗಳೂ ಸೇರಿ ಇಂಥ 30 ಪಂದ್ಯ ಆಗಲಿಲ್ಲ.

ಫಲಿತಾಂಶ ಭರ್ಜರಿ. 1980ರಲ್ಲಿ 83 ಗೆಲುವು, 1981ರಲ್ಲಿ ಪ್ಲೇಆಫ್. ಐವರೂ 30ರೊಳಗಿನವರು, ಮುಂದೆ ಹತ್ತು ವರ್ಷ ಇವರದೇ ಅಂತ ಎಲ್ಲರೂ ಅಂದುಕೊಂಡರು. ಆಮೇಲೆ 1982 ಬಂತು: 68 ಗೆಲುವು, 94 ಸೋಲು. ಭುಜ, ಮೊಣಕೈ ಅಂತ ಒಬ್ಬೊಬ್ಬರಾಗಿ ಕುಸಿದರು. 1982ರ ನಂತರ ಈ ಐವರಲ್ಲಿ ಒಬ್ಬರಿಗೂ ಒಂದು ಸೀಸನ್‌ನಲ್ಲಿ 10 ಗೆಲುವು ಕೂಡ ಸಿಗಲಿಲ್ಲ. 1980ರಲ್ಲಿ ನಾರಿಸ್ ಒಬ್ಬರೇ 22 ಗೆದ್ದಿದ್ದರು.

ಮಾರ್ಟಿನ್ ಏನಾದರು? 1982ರ ಕೊನೆಗೆ ಕೆಲಸ ಹೋಯಿತು. 1983ಕ್ಕೆ ನ್ಯೂಯಾರ್ಕ್ ಯಾಂಕೀಸ್ ಅವರನ್ನು ಮತ್ತೆ ಕರೆದುಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದಲ್ಲಿ ಎಸೆತಗಳ ಎಣಿಕೆಯನ್ನು ಈಗಿನ ಹಾಗೆ ದಾಖಲು ಮಾಡುತ್ತಿರಲಿಲ್ಲ. ಐವರೂ ಒಂದೇ ಕಾರಣಕ್ಕೆ ಬಿದ್ದರು ಅಂತ ಸಾಬೀತು ಮಾಡೋಕಾಗಲ್ಲ. ಆದ್ರೆ ಕಥೆಯ ಆಕಾರ ಗಮನಿಸಿ. ಗೆಲುವು ತಕ್ಷಣ ಬಂತು, ಕೀರ್ತಿ ಮ್ಯಾನೇಜರ್‌ಗೆ ಸಿಕ್ಕಿತು. ಬಿಲ್ ಎರಡು ವರ್ಷ ಬಿಟ್ಟು ಬಂತು, ಕಟ್ಟಿದವರು ಬೇರೆಯವರು.

"ನಮ್ ಕಾಲದಲ್ಲಿ..." ಅನ್ನೋ ವಾದ

ಈ ಮಾತು ಬಂದ ಕೂಡಲೇ ಯಾರಾದರೂ ನೋಲನ್ ರಯಾನ್ ಹೆಸರು ತೆಗೀತಾರೆ. 1974ರ ಜೂನ್ 14ರಂದು ರಯಾನ್ ಒಂದೇ ಪಂದ್ಯದಲ್ಲಿ 13 ಇನ್ನಿಂಗ್ಸ್, 235 ಎಸೆತ ಹಾಕಿದರು. ಆದರೂ 27 ಸೀಸನ್ ಆಡಿ, 46ನೇ ವಯಸ್ಸಿನವರೆಗೆ ಎಸೆದು, 5,714 ಸ್ಟ್ರೈಕ್‌ಔಟ್‌ಗಳ ದಾಖಲೆ ಬಿಟ್ಟು ಹೋದರು. ಹಾಗಾದ್ರೆ ಎಣಿಕೆಯೆಲ್ಲ ಸುಳ್ಳಾ?

ಪರೀಕ್ಷೆ ಹಿಂದಿನ ರಾತ್ರಿ ಮಾತ್ರ ಓದಿ ಡಿಸ್ಟಿಂಕ್ಷನ್ ತೆಗೆದ ಸೀನಿಯರ್ ಕಥೆ ಎಲ್ಲ ಹಾಸ್ಟೆಲ್‌ನಲ್ಲೂ ಇರುತ್ತೆ. ಹಾಗೇ ಮಾಡಲು ಹೋಗಿ ಬ್ಯಾಕ್ ಉಳಿಸಿಕೊಂಡ ನಲವತ್ತು ಜನರ ಕಥೆ ಯಾರೂ ಹೇಳೋದಿಲ್ಲ. ರಯಾನ್ ಕಾಲದಲ್ಲೇ ಕೈ ಕಳೆದುಕೊಂಡು ಊರಿಗೆ ಹೋದವರ ಹೆಸರು ನಮಗೆ ಗೊತ್ತಿಲ್ಲ, ಯಾಕಂದ್ರೆ ಅವರು ಗೊತ್ತಾಗುವಷ್ಟು ದಿನ ಆಡಲೇ ಇಲ್ಲ. ಇನ್ನೊಂದು ಮಾತು: ರಯಾನ್ ವೃತ್ತಿ ಮುಗಿದದ್ದೂ 1993ರಲ್ಲಿ ಅದೇ ಮೊಣಕೈ ಲಿಗಮೆಂಟ್ ಹರಿದು.

ಗೊತ್ತಾಗುವಷ್ಟು ದಿನ ಆಡಿದವರಲ್ಲಿ ಸ್ಯಾಂಡಿ ಕೂಫ್ಯಾಕ್ಸ್ ಒಬ್ಬರು. ಲಾಸ್ ಏಂಜಲೀಸ್ ಡಾಡ್ಜರ್ಸ್ ಪರವಾಗಿ 1965ರಲ್ಲಿ 335ಕ್ಕೂ ಹೆಚ್ಚು ಇನ್ನಿಂಗ್ಸ್, 1966ರಲ್ಲಿ 323 ಇನ್ನಿಂಗ್ಸ್, ಎರಡೂ ವರ್ಷ 27 ಪೂರ್ಣ ಪಂದ್ಯ. 1965ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯವನ್ನು ಬರೀ ಎರಡು ದಿನದ ವಿಶ್ರಾಂತಿಯ ಮೇಲೆ ಎಸೆದು 2–0ಯಿಂದ ಗೆಲ್ಲಿಸಿದರು. ಆ ಹೊತ್ತಿಗೆ ಮೊಣಕೈಯಲ್ಲಿ ಆರ್ಥ್ರೈಟಿಸ್. ಇಂಜೆಕ್ಷನ್, ಮಾತ್ರೆ, ಉರಿ ಮುಲಾಮು, ಆಟ ಮುಗಿದ ಮೇಲೆ ಮಂಜುಗಡ್ಡೆ ನೀರು. 1966ರಲ್ಲಿ 27 ಪಂದ್ಯ ಗೆದ್ದು, ಇನ್ನೂ ಆಡಿದರೆ ಕೈಯೇ ಶಾಶ್ವತವಾಗಿ ಹೋಗಬಹುದು ಅನ್ನೋ ಭಯದಲ್ಲಿ 30ನೇ ವಯಸ್ಸಿಗೇ ನಿವೃತ್ತರಾದರು.

1974ರಲ್ಲಿ ಅದೇ ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರ ಲಿಗಮೆಂಟ್ ಹರಿಯಿತು. ಡಾ. ಫ್ರ್ಯಾಂಕ್ ಜೋಬ್ ಅವರು ಜಾನ್‌ರ ಬಲಗೈಯಿಂದ ಒಂದು ಟೆಂಡನ್ ತೆಗೆದು ಎಡ ಮೊಣಕೈಗೆ ಕಟ್ಟಿದರು. 1976ಕ್ಕೆ ವಾಪಸ್ ಬಂದ ಜಾನ್ 1989ರವರೆಗೆ ಆಡಿದರು. ಇವತ್ತು ಆ ಆಪರೇಷನ್ ಹೆಸರೇ 'ಟಾಮಿ ಜಾನ್ ಸರ್ಜರಿ'. ಅದರಿಂದ ಸಾವಿರಾರು ಕೈ ಉಳಿದಿದೆ, ನಿಜ. ಆದ್ರೆ ಗುಣವಾಗೋಕೆ ವರ್ಷಕ್ಕೂ ಹೆಚ್ಚು ಹಿಡಿಯುತ್ತೆ. ಎಲ್ಲರೂ ಮೊದಲಿನ ಹಾಗೆ ಆಗೋದೂ ಇಲ್ಲ.

ನೂರು ಅನ್ನೋ ಸಂಖ್ಯೆ

1980ರ ದಶಕದ ಕೊನೆಯಿಂದ ಎಸೆತಗಳ ಎಣಿಕೆ ವ್ಯವಸ್ಥಿತವಾಗಿ ಸಿಗತೊಡಗಿತು. 1998ರಲ್ಲಿ ಬೇಸ್‌ಬಾಲ್ ಪ್ರಾಸ್ಪೆಕ್ಟಸ್‌ನ ರ‍್ಯಾನಿ ಜಜಾಯರ್ಲಿ 'ಪಿಚರ್ ಅಬ್ಯೂಸ್ ಪಾಯಿಂಟ್ಸ್' ಅನ್ನೋ ಅಳತೆ ತಂದರು. ಆಮೇಲೆ ಕೀತ್ ವೂಲ್ನರ್ ಅದನ್ನು ಸರಳ ಸೂತ್ರಕ್ಕೆ ಇಳಿಸಿದರು: ಪಂದ್ಯದ ಎಸೆತಗಳಿಂದ 100 ಕಳೆಯಿರಿ, ಉಳಿದದ್ದನ್ನು ಘನ ಮಾಡಿ. 110 ಎಸೆತಕ್ಕೆ 1,000 ಅಂಕ. 120ಕ್ಕೆ 8,000. 130ಕ್ಕೆ 27,000. ಅಂದ್ರೆ ಒಂದೇ ಒಂದು 130ರ ಪಂದ್ಯ, 110ರ 27 ಪಂದ್ಯಗಳಿಗೆ ಸಮ.

ಇದು ಪ್ರಕೃತಿ ನಿಯಮ ಅಲ್ಲ, ಅಂದಾಜಿನ ಸೂತ್ರ. ಆದ್ರೆ ಅದರ ಹಿಂದಿನ ಅರ್ಥ ಸರಿಯಾಗಿದೆ. ಎಲ್ಲ ಎಸೆತಕ್ಕೂ ಒಂದೇ ಬೆಲೆ ಇಲ್ಲ. ಸುಸ್ತಾದ ಮೇಲಿನ ಎಸೆತ ದುಬಾರಿ, ಮುಂದೆ ಹೋದಷ್ಟೂ ಇನ್ನೂ ದುಬಾರಿ.

ಈ ಲೆಕ್ಕಕ್ಕೆ ಮುಖ ಕೊಟ್ಟವರು ಶಿಕಾಗೊ ಕಬ್ಸ್‌ನ ಮಾರ್ಕ್ ಪ್ರಯರ್. 2003ರಲ್ಲಿ ಸೆಪ್ಟೆಂಬರ್‌ಗೆ 23 ತುಂಬಿದ ಹುಡುಗ, 18 ಗೆಲುವು, 6 ಸೋಲು. ಕಬ್ಸ್ 1908ರಿಂದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ, ಇಡೀ ಊರು ಕಾಯ್ತಾ ಇತ್ತು. ಮ್ಯಾನೇಜರ್ ಡಸ್ಟಿ ಬೇಕರ್ ಸೆಪ್ಟೆಂಬರ್‌ನಲ್ಲಿ ಪ್ರಯರ್‌ಗೆ ಎಸೆಸಿದ್ದು ಪಂದ್ಯಕ್ಕೆ ಸರಾಸರಿ 126. ಪ್ಲೇಆಫ್‌ನ ಒಂದು ಪಂದ್ಯ 12–3 ಅಂತರದಲ್ಲಿ ಸುಲಭವಾಗಿ ಗೆದ್ದರು, ಅದರಲ್ಲೂ 116. ವರ್ಲ್ಡ್ ಸೀರೀಸ್‌ಗೆ ಐದೇ ಔಟ್ ಬಾಕಿ ಇದ್ದ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ, 3–0 ಮುಂದಿದ್ದಾಗ, ಪ್ರಯರ್ ಇನ್ನೂ ಎಸೆಯುತ್ತಲೇ ಇದ್ದರು. ಆ ಇನ್ನಿಂಗ್ಸ್‌ನಲ್ಲಿ ಎದುರಾಳಿ 8 ರನ್ ಹೊಡೆದರು. ಕಬ್ಸ್ ಸೋತಿತು. ಪ್ರಯರ್ ಕೊನೆಯ ಮೇಜರ್ ಲೀಗ್ ಪಂದ್ಯ ಆಡಿದ್ದು 2006ರ ಆಗಸ್ಟ್‌ನಲ್ಲಿ, 25ನೇ ವಯಸ್ಸಿಗೆ.

ಬೇಕರ್ ಮೇಲೆ ಜನ ಮುಗಿಬಿದ್ದರು. ಆದ್ರೆ ಪ್ರಯರ್‌ಗೆ 2003ರಲ್ಲಿ ಮೈದಾನದಲ್ಲಿ ಡಿಕ್ಕಿ ಹೊಡೆದು ಭುಜಕ್ಕೆ ಪೆಟ್ಟಾಗಿತ್ತು, 2005ರಲ್ಲಿ ಬ್ಯಾಟ್‌ನಿಂದ ಸಿಡಿದ ಚೆಂಡು ಮೊಣಕೈ ಮೂಳೆ ಮುರಿದಿತ್ತು. ಬೇಕರ್ ಅವರನ್ನು ತಾನು ದೂರುವುದಿಲ್ಲ ಅಂತ ಸ್ವತಃ ಪ್ರಯರ್ ಹೇಳಿದ್ದಾರೆ. ಒಂದು ಕೈ ಹೋದಾಗ ಒಂದೇ ಕಾರಣಕ್ಕೆ ಬೆರಳು ತೋರಿಸೋದು ಕಷ್ಟ. ಅದಕ್ಕೇ ಒಬ್ಬೊಬ್ಬರ ಕಥೆ ಬಿಟ್ಟು ಗುಂಪಿನ ಲೆಕ್ಕ ನೋಡಬೇಕು.

ಲೆಕ್ಕ ಹೇಳೋದು ಏನು?

ಅದೇ ಅಲಬಾಮಾ ಸಂಸ್ಥೆಯವರು 2006ರಲ್ಲಿ ಹದಿಹರೆಯದ ಪಿಚರ್‌ಗಳ ಎರಡು ಗುಂಪನ್ನು ಹೋಲಿಸಿದರು: ಭುಜ ಅಥವಾ ಮೊಣಕೈ ಆಪರೇಷನ್ ಆದವರು, ಏನೂ ಆಗದವರು. ಪಂದ್ಯಕ್ಕೆ ಸರಾಸರಿ 80ಕ್ಕೂ ಹೆಚ್ಚು ಎಸೆತ ಹಾಕುವವರಲ್ಲಿ ಆಪರೇಷನ್ ಆಗುವ ಸಂಭವ ಸುಮಾರು 4 ಪಟ್ಟು. ವರ್ಷಕ್ಕೆ 8 ತಿಂಗಳಿಗೂ ಹೆಚ್ಚು ಪಂದ್ಯಗಳಲ್ಲಿ ಎಸೆಯುವವರಲ್ಲಿ 5 ಪಟ್ಟು. ಕೈ ಸುಸ್ತಾಗಿದ್ದರೂ ಮೇಲಿಂದ ಮೇಲೆ ಎಸೆಯುವವರಲ್ಲಿ 36 ಪಟ್ಟು.

ಮೂರನೇ ಸಂಖ್ಯೆ ಮತ್ತೊಮ್ಮೆ ಓದಿ. ಎಣಿಕೆ ಮುಖ್ಯ, ವಿಶ್ರಾಂತಿ ಮುಖ್ಯ. ಆದ್ರೆ ಎಲ್ಲಕ್ಕಿಂತ ಅಪಾಯ ಸುಸ್ತಾದ ಕೈಯಲ್ಲಿ ಎಸೆಯೋದು. 100 ಅನ್ನೋದು ಸುಸ್ತನ್ನು ಅಳೆಯೋಕೆ ನಾವು ಇಟ್ಟುಕೊಂಡ ಒರಟು ಮೀಟರ್ ಅಷ್ಟೇ. ಒಬ್ಬರಿಗೆ 75ಕ್ಕೇ ಸುಸ್ತಾಗಬಹುದು, ಇನ್ನೊಬ್ಬರಿಗೆ 110ರಲ್ಲೂ ಆಗದೇ ಇರಬಹುದು. ಚಿಹ್ನೆಗಳು ಮೈದಾನದಲ್ಲೇ ಕಾಣ್ತವೆ: ವೇಗ ಇಳಿಯೋದು, ಚೆಂಡು ಗುರಿಗಿಂತ ಮೇಲೆ ಹೋಗೋದು, ಮೊಣಕೈ ಕೆಳಗಿಳಿಯೋದು, ಎಸೆತಗಳ ನಡುವೆ ಹೆಚ್ಚು ಹೊತ್ತು ತಗೊಳ್ಳೋದು. ಒಳ್ಳೆಯ ಮ್ಯಾನೇಜರ್ ನೋಡೋದು ಇದನ್ನ.

ಮಕ್ಕಳ ಆಟದಲ್ಲಿ ಮಾತ್ರ ಇದನ್ನು ಯಾರ ಕಣ್ಣಂದಾಜಿಗೂ ಬಿಟ್ಟಿಲ್ಲ. ಅಮೆರಿಕದ ಲಿಟಲ್ ಲೀಗ್ 2007ರಿಂದ ಎಸೆತಗಳ ಮಿತಿ ತಂದಿತು. 2014ರಲ್ಲಿ ಬಂದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿಯಲ್ಲಿ 9–10 ವರ್ಷದವರಿಗೆ ದಿನಕ್ಕೆ 75, 11–12ರವರಿಗೆ 85, 17–18ರವರಿಗೆ 105. ಜೊತೆಗೆ ಎಷ್ಟು ಎಸೆದರೆ ಎಷ್ಟು ದಿನ ರಜೆ ಅನ್ನೋ ಪಟ್ಟಿ.

ಎಣಿಕೆ ಇಳಿದರೂ ಗಾಯ ಯಾಕೆ ಇಳಿಯಲಿಲ್ಲ?

ಇಲ್ಲಿಗೆ ಕಥೆ ಸುಖಾಂತ್ಯ ಆಗಬೇಕಿತ್ತು. ಈಗಿನ ಮ್ಯಾನೇಜರ್‌ಗಳು 100ರ ಹತ್ತಿರ ಬಂದರೆ ಸಾಕು, ಫೋನೆತ್ತಿ ಬದಲಿ ಪಿಚರನ್ನು ರೆಡಿ ಮಾಡಿಸ್ತಾರೆ. ಆದರೂ ಮೇಜರ್ ಲೀಗ್‌ನಲ್ಲಿ ಪಿಚರ್‌ಗಳು ಗಾಯಾಳುಗಳ ಪಟ್ಟಿಗೆ ಸೇರಿದ್ದು 2005ರಲ್ಲಿ 212 ಬಾರಿ, 2024ರಲ್ಲಿ 485 ಬಾರಿ. ಲೀಗ್ ತಾನೇ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯ ಲೆಕ್ಕ ಇದು.

ಉತ್ತರ ಎಸ್-ಎನ್ ಕರ್ವ್‌ನಲ್ಲೇ ಇದೆ. ಸೈಕಲ್‌ಗಳ ಸಂಖ್ಯೆ ಇಳಿಸಿದರು, ಒತ್ತಡ ಏರಿಸಿದರು. 2008ರಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ 91.3 ಮೈಲಿ, 2024ರಲ್ಲಿ 94.2. ಐದು ಇನ್ನಿಂಗ್ಸ್ ಆದ್ಮೇಲೆ ಹೇಗೂ ಹೊರಗೆ ಅಂತ ಗೊತ್ತಿದ್ದರೆ ಪಿಚರ್ ಶಕ್ತಿ ಉಳಿಸಿಕೊಳ್ಳೋದು ಯಾಕೆ? ಪ್ರತಿ ಎಸೆತವನ್ನೂ ಪೂರ್ತಿ ಕಸುವು ಹಾಕಿ ಎಸೀತಾರೆ. ಹಿಂದಿನವರು ಕಷ್ಟದ ಗಳಿಗೆಗೆ ಅಂತ ಸ್ವಲ್ಪ ಕಾದಿಟ್ಟುಕೊಳ್ತಿದ್ದರು. ಫೆಟೀಗ್ ಓದಿದವರಿಗೆ ಗೊತ್ತು, ಒತ್ತಡ ಸ್ವಲ್ಪ ಏರಿದರೂ ಆಯಸ್ಸು ಬಹಳ ಇಳಿಯುತ್ತೆ. ಮ್ಯಾನೇಜರ್ ಎಣಿಸೋದು ಎಷ್ಟು ಎಸೆತ ಅಂತ. ಪ್ರತಿ ಎಸೆತ ಎಷ್ಟು ಭಾರ ಅಂತ ಯಾರೂ ಎಣಿಸ್ತಾ ಇಲ್ಲ.

ಎಚ್ಚರಿಕೆ ಕೂಡ ಗ್ಯಾರಂಟಿ ಅಲ್ಲ. ವಾಷಿಂಗ್ಟನ್ ನ್ಯಾಷನಲ್ಸ್‌ನ ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರಲ್ಲಿ ಟಾಮಿ ಜಾನ್ ಸರ್ಜರಿ ಮಾಡಿಸಿಕೊಂಡು ವಾಪಸ್ ಬಂದಿದ್ದರು. 2012ರಲ್ಲಿ ತಂಡ ಮೊದಲ ಸ್ಥಾನದಲ್ಲಿದ್ದಾಗಲೇ, ಜನರಲ್ ಮ್ಯಾನೇಜರ್ ಮೈಕ್ ರಿಜೊ ಮೊದಲೇ ಹೇಳಿದ್ದ ಹಾಗೆ, ಅವರನ್ನು 159 ಇನ್ನಿಂಗ್ಸ್‌ಗೆ ನಿಲ್ಲಿಸಿದರು. ತಂಡ ಪ್ಲೇಆಫ್‌ನಲ್ಲಿ ಸೋತಿತು, ಬೈಗುಳ ಧಾರಾಳವಾಗಿ ಬಂತು. 2019ರಲ್ಲಿ ಅದೇ ಸ್ಟ್ರಾಸ್‌ಬರ್ಗ್ ವರ್ಲ್ಡ್ ಸೀರೀಸ್ ಗೆಲ್ಲಿಸಿ ಶ್ರೇಷ್ಠ ಆಟಗಾರ ಆದರು. ಬೆನ್ನಲ್ಲೇ 24.5 ಕೋಟಿ ಡಾಲರ್‌ನ ಏಳು ವರ್ಷದ ಒಪ್ಪಂದ. ಅದರಡಿ ಆಡೋಕಾಗಿದ್ದು 8 ಪಂದ್ಯ ಮಾತ್ರ. 2012ರ ವಿರಾಮ ಅವರಿಗೆ ಏಳು ವರ್ಷ ಕೊಟ್ಟಿತು ಅನ್ನಬಹುದು, ಏನೂ ಕೊಡಲಿಲ್ಲ ಅಂತಲೂ ಅನ್ನಬಹುದು. ಕೈ ಉಳಿದರೆ ಅದಕ್ಕೆ ಸಾಕ್ಷಿ ಇರೋದಿಲ್ಲ, ಹೋದರೆ ಮಾತ್ರ ಸಾಕ್ಷಿ ಇರುತ್ತೆ.

ಫೈನಲ್‌ನಲ್ಲಿ ಕೂರಿಸಿದ ಕೋಚ್

ಕೊನೆಯದು ಜಪಾನ್ ಕಥೆ. ಅಲ್ಲಿ ಹೈಸ್ಕೂಲ್ ಹುಡುಗರ ಕೋಶಿಯೆನ್ ಟೂರ್ನಿ ಅಂದ್ರೆ ದೇಶಕ್ಕೇ ಹಬ್ಬ. 1998ರಲ್ಲಿ ದೈಸುಕೆ ಮಾತ್ಸುಜಾಕಾ ಅನ್ನೋ ಹುಡುಗ 17 ಇನ್ನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಎಸೆತ ಹಾಕಿ ರಾಷ್ಟ್ರನಾಯಕನಾದ. ಅಂಥ ಸಂಪ್ರದಾಯ.

2019ರ ಜುಲೈ. ಇವಾತೆ ಪ್ರಾಂತ್ಯದ ಓಫುನಾತೊ ಹೈಸ್ಕೂಲ್‌ನ ರೋಕಿ ಸಾಸಾಕಿ ಆಗಲೇ ಗಂಟೆಗೆ 163 ಕಿ.ಮೀ. ವೇಗದಲ್ಲಿ ಎಸೆದು ಹೆಸರಾಗಿದ್ದ. ಜುಲೈ 21ಕ್ಕೆ 194 ಎಸೆತ, 24ರ ಸೆಮಿಫೈನಲ್‌ನಲ್ಲಿ 129. ಮರುದಿನವೇ ಫೈನಲ್, ಗೆದ್ದರೆ ಕೋಶಿಯೆನ್. ಕೋಚ್ ಸಾಸಾಕಿಯನ್ನು ಆಡಿಸಲೇ ಇಲ್ಲ. ತಂಡ 12–2ರಿಂದ ಸೋತಿತು. ಶಾಲೆಗೆ ದೂರಿನ ಫೋನ್ ಮೇಲೆ ಫೋನ್. ಮುಂದಿನ ವರ್ಷ ಜಪಾನಿನ ಹೈಸ್ಕೂಲ್ ಬೇಸ್‌ಬಾಲ್ ಒಕ್ಕೂಟ ವಾರಕ್ಕೆ 500 ಎಸೆತದ ಮಿತಿ ಜಾರಿಗೆ ತಂತು.

2022ರ ಏಪ್ರಿಲ್ 10ರಂದು, 20ನೇ ವಯಸ್ಸಿನಲ್ಲಿ, ಸಾಸಾಕಿ ವೃತ್ತಿಪರ ಲೀಗ್‌ನಲ್ಲಿ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದೆ 'ಪರ್ಫೆಕ್ಟ್ ಗೇಮ್' ಎಸೆದರು. ಜಪಾನಿನಲ್ಲಿ 28 ವರ್ಷಗಳಲ್ಲಿ ಅದು ಮೊದಲನೆಯದು. ಒಂದು ವಾರ ಬಿಟ್ಟು ಮತ್ತೆ 8 ಇನ್ನಿಂಗ್ಸ್ ಪರ್ಫೆಕ್ಟ್. ಎಸೆತ 102 ಆಗಿತ್ತು. ಮ್ಯಾನೇಜರ್ ತದಾಹಿತೊ ಇಗುಚಿ ಹೊರಗೆ ಕರೆಸಿಕೊಂಡರು. ಸತತ ಎರಡು ಪರ್ಫೆಕ್ಟ್ ಗೇಮ್ ಅನ್ನೋ ಕಂಡು ಕೇಳರಿಯದ ದಾಖಲೆಗೆ ಒಂದೇ ಇನ್ನಿಂಗ್ಸ್ ಬಾಕಿ ಇತ್ತು. ಕಾಲಿನ್ಸ್ ಮುಂದೆ 2012ರಲ್ಲಿ ಇದ್ದದ್ದೂ ಇಂಥದೇ ಪ್ರಶ್ನೆ. ಉತ್ತರ ಬೇರೆ. ಸಾಸಾಕಿ 2025ರಲ್ಲಿ ಡಾಡ್ಜರ್ಸ್ ಸೇರಿದರು. ಆ ವರ್ಷ ಅವರಿಗೂ ಭುಜದ ತೊಂದರೆ ಬಂತು, ವಾಸಿಯಾಗಿ ಮತ್ತೆ ಮೈದಾನಕ್ಕಿಳಿದರು.

ನಮಗೇನು?

ಕ್ರಿಕೆಟ್‌ನಲ್ಲಿ ಮೊಣಕೈ ಹೆಚ್ಚುಕಡಿಮೆ ನೇರ ಇರೋದ್ರಿಂದ ಭಾರ ಬೀಳೋದು ಹೆಚ್ಚಾಗಿ ಬೆನ್ನು, ಮಂಡಿ, ಪಾದದ ಮೇಲೆ. ಭುಜವೂ ಪೂರ್ತಿ ತಪ್ಪಿಸಿಕೊಳ್ಳಲ್ಲ: ನಮ್ಮ ಜಾವಗಲ್ ಶ್ರೀನಾಥ್ 1997ರ ಬಹುಪಾಲು ಕಳೆದುಕೊಂಡದ್ದು ಭುಜದ ರೊಟೇಟರ್ ಕಫ್ ಆಪರೇಷನ್‌ನಿಂದ. ಆದ್ರೆ ಗಾಯ ಎಲ್ಲೇ ಇರಲಿ, ತೀರ್ಮಾನದ ರೀತಿ ಒಂದೇ. ಇಂಟರ್ ಕಾಲೇಜ್ ಪಂದ್ಯದ ಕೊನೆ ಓವರ್‌ಗಳಲ್ಲಿ ಕ್ಯಾಪ್ಟನ್ "ಇನ್ನೊಂದ್ ಓವರ್ ಹಾಕ್ತೀಯಾ ಮಗಾ?" ಅಂತ ಕೇಳಿದಾಗ "ಆಗಲ್ಲ" ಅಂದವರನ್ನು ನೀವು ನೋಡಿದ್ದೀರಾ? ಸಂತಾನಾ ಕೂಡ ಅನ್ನಲಿಲ್ಲ. ಆವತ್ತು ಕಾಲಿನ್ಸ್ ಬಂದು ಕೇಳಿದಾಗ ತಾನು ಹೊರಗೆ ಹೋಗೋದಿಲ್ಲ ಅಂತ ಅವರೇ ಹೇಳಿದ್ದರು. ಎಸೆಯೋರಿಗೆ ಆ ಹೊತ್ತಿನಲ್ಲಿ ನೋವು ಗೊತ್ತಾಗಲ್ಲ, ಗೊತ್ತಾದರೂ ಹೇಳಲ್ಲ. ಹೇಳಿದರೆ ಮುಂದಿನ ಪಂದ್ಯಕ್ಕೆ ಜಾಗ ಇರುತ್ತೋ ಇಲ್ವೋ ಅನ್ನೋ ಭಯ ಬೇರೆ.

ಆದ್ದರಿಂದ ಆ ಪ್ರಶ್ನೆಯನ್ನು ಎಸೆಯೋರಿಗೇ ಬಿಡೋದು ನ್ಯಾಯ ಅಲ್ಲ. ಮೂರು ಕೆಲಸ ಕೋಚ್‌ಗೆ, ಕ್ಯಾಪ್ಟನ್‌ಗೆ ಸೇರಿದ್ದು. ಮಿತಿಯನ್ನು ಪಂದ್ಯಕ್ಕೆ ಮುಂಚೆ, ತಲೆ ತಣ್ಣಗಿದ್ದಾಗ ಹಾಕೋದು. ಸಂಖ್ಯೆ ಮುಟ್ಟುವ ಮೊದಲೇ ಸುಸ್ತು ಕಂಡರೆ ಆಗಲೇ ನಿಲ್ಲಿಸೋದು. "ಕೈ ಭಾರ ಆಗ್ತಿದೆ" ಅಂದವರ ಜಾಗ ಕಿತ್ತುಕೊಳ್ಳದೇ ಇರೋದು. ಇದಕ್ಕೆ ಸೆನ್ಸರ್ ಬೇಡ, ಆ್ಯಪ್ ಬೇಡ. ಬೇಕಾಗಿರೋದು ಇವತ್ತಿನ ಒಂದು ಗೆಲುವು ಬಿಟ್ಟುಕೊಡುವ ಮನಸ್ಸು, ಮತ್ತು ಮರುದಿನ ಬೈಸಿಕೊಳ್ಳುವ ಧೈರ್ಯ.